ಕಾಳಿಯ ಕರೆಂಟು, ಬಿಣಗಾದ ಬಿಲ್ಲು

ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಬೆಳೆಯಲು ಬಿಸಿಲು ಸಾಕು. ಕಾರವಾರದ ಪಕ್ಕದ ಬಿಣಗಾದಲ್ಲಿ ನಡೆಯುವುದು ಉಪ್ಪನ್ನು ಒಡೆಯುವ ಕೆಲಸ. ಉಪ್ಪುನೀರಿನಲ್ಲಿ ಕರೆಂಟು ಹಾಯಿಸಿದರೆ ಒಂದು ಕಡೆ ಕ್ಲೋರಿನ್, ಇನ್ನೊಂದು ಕಡೆ ಹೈಡ್ರೋಜನ್ ಮತ್ತು ಕಾಸ್ಟಿಕ್ ಸೋಡಾ. ಕಡಿಮೆ ಕರೆಂಟು ನುಂಗುವ, ತೆಳು ಪೊರೆಯ ಈಗಿನ ಮೆಂಬ್ರೇನ್ ಸೆಲ್‌ಗಳಲ್ಲೂ ಒಂದು ಟನ್ ಕಾಸ್ಟಿಕ್‌ಗೆ 2,200ರಿಂದ 2,500 ಯೂನಿಟ್ ಬೇಕು. ಇಲ್ಲಿ ಉಪ್ಪಿನಂತೆ ಕರೆಂಟೂ ಕಚ್ಚಾಮಾಲು. ಯೂನಿಟ್ಟಿಗೆ ಒಂದು ರೂಪಾಯಿ ಏರಿತೆಂದರೆ ಟನ್ನಿಗೆ ಎರಡು ಸಾವಿರಕ್ಕೂ ಮಿಕ್ಕಿ ಹೊರೆ.

1948ರಲ್ಲಿ ಜೋಗ, 1960ರ ದಶಕದಲ್ಲಿ ಶರಾವತಿ. ಜಲವಿದ್ಯುತ್ ಅಗ್ಗವಾಗಿದ್ದ ಆ ಕಾಲದಲ್ಲೇ ದಾಂಡೇಲಿಯ ಕಾಗದ ಕಾರ್ಖಾನೆ, ಉಕ್ಕಿಗೆ ಬೆರೆಸುವ ಫೆರೋ ಅಲಾಯ್ ಮಿಶ್ರಲೋಹದ ಕುಲುಮೆ, ಆಮೇಲೆ ಬಿಣಗಾ. ಮುಂದೆ ಕಾಳಿ ನದಿಗೆ ಅಣೆಕಟ್ಟು ಬಿತ್ತು, ಸೂಪಾ ಪೇಟೆ ಮುಳುಗಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು. ನಾಗಝರಿ, ಕೊಡಸಳ್ಳಿ, ಕದ್ರಾ, ಗೇರುಸೊಪ್ಪ, ಕೈಗಾದ 880 ಮೆಗಾವಾಟ್ ಎಲ್ಲ ಕೂಡಿದರೆ ಉತ್ತರ ಕನ್ನಡ ಜಿಲ್ಲೆಯ ವಿದ್ಯುತ್ ಉತ್ಪಾದನಾ ಸಾಮರ್ಥ್ಯ 2,000 ಮೆಗಾವಾಟ್ ದಾಟುತ್ತದೆ. ನೆಲ ಕೊಟ್ಟ ಜಿಲ್ಲೆಗೆ ದರದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ.

ಲೆಕ್ಕ ಗೋಜಲಾದದ್ದು 1999ರ ನಂತರ. ದರ ನಿಗದಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಕೈಗೆ ಹೋಯಿತು, 2002ರಲ್ಲಿ ಈ ಭಾಗಕ್ಕೆ ಕರೆಂಟು ಹಂಚುವ ಕಂಪನಿ ಹೆಸ್ಕಾಂ ಬಂತು. ಹೈಟೆನ್ಷನ್ ಗ್ರಾಹಕರ, ಅಂದರೆ ಹೆಚ್ಚು ವೋಲ್ಟೇಜಿನಲ್ಲಿ ಕರೆಂಟು ಪಡೆಯುವ ಕಾರ್ಖಾನೆಯಂಥವರ ಒಂದು ಬಿಲ್ಲನ್ನು ಕೈಯಲ್ಲಿ ಹಿಡಿದು ನೋಡಬೇಕು. ಬಳಸಿದ ಯೂನಿಟ್ಟಿನದು ಒಂದು ಸಾಲು ಮಾತ್ರ. ಅದರ ಜೊತೆ ಕಾದಿರಿಸಿದ ಸಾಮರ್ಥ್ಯಕ್ಕೆ ಕೆವಿಎ ಲೆಕ್ಕದ ಡಿಮಾಂಡ್ ಚಾರ್ಜು, ಯಂತ್ರ ನಿಂತರೂ ಕಟ್ಟಲೇಬೇಕು. ಪವರ್ ಫ್ಯಾಕ್ಟರ್, ಅಂದರೆ ಪಡೆದ ಕರೆಂಟಿನಲ್ಲಿ ನಿಜ ಕೆಲಸಕ್ಕೆ ಬಂದ ಪಾಲು, ಇಳಿದರೆ ದಂಡ. ವಿದ್ಯುತ್ ತೆರಿಗೆ. ರಾಯಚೂರಿನ ಸ್ಥಾವರಕ್ಕೆ ಕಲ್ಲಿದ್ದಲು ದುಬಾರಿಯಾದರೆ ಇಂಧನ ಹೊಂದಾಣಿಕೆ ಶುಲ್ಕವೆಂದು ಕಾರವಾರದ ಬಿಲ್ಲಿಗೂ ಸೇರುತ್ತದೆ. ಯೂನಿಟ್ ದರದ ಒಳಗೇ ಕ್ರಾಸ್ ಸಬ್ಸಿಡಿ ಅಡಗಿರುತ್ತದೆ: ಉದ್ಯಮದಿಂದ ಪೂರೈಕೆ ವೆಚ್ಚಕ್ಕಿಂತ ಹೆಚ್ಚು ವಸೂಲು ಮಾಡಿ ಬೇರೆ ವರ್ಗಗಳ ದರ ತಗ್ಗಿಸುವ ಏರ್ಪಾಡು. ತೋಟದ ಪಂಪಿಗೆ ಅಗ್ಗದ ಕರೆಂಟು ಸಿಗಲೇಬೇಕು. ಆದರೆ ಅದರ ಖರ್ಚು ಬಜೆಟ್ಟಿನಲ್ಲಿ ಎಲ್ಲರ ಕಣ್ಣಿಗೂ ಬೀಳುವಂತಿರಬೇಕು, ಕಾರ್ಖಾನೆಯ ಬಿಲ್ಲಿನಲ್ಲಿ ಹುದುಗಿರಬಾರದು.

2003ರ ವಿದ್ಯುತ್ ಕಾಯ್ದೆ ಮತ್ತು ಅದರಡಿಯ 2005ರ ನಿಯಮಗಳು ಒಂದು ದಾರಿ ಬಿಟ್ಟವು. ಸ್ವಂತ ಸ್ಥಾವರ ಹಾಕಿಕೊಂಡವರಿಗೆ, ಇಲ್ಲವೇ ಸ್ಥಾವರದಲ್ಲಿ ಶೇ 26 ಪಾಲು ಹೊಂದಿ ಶೇ 51ರಷ್ಟು ವಿದ್ಯುತ್ ತಾವೇ ಬಳಸುವವರಿಗೆ, ಹೆಸ್ಕಾಂ ಬಿಟ್ಟು ಬೇರೆಡೆಯಿಂದ ಕರೆಂಟು ಕೊಳ್ಳುವವರು ಕಟ್ಟುವ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ಇಲ್ಲ. ಬಂಡವಾಳ ಇದ್ದವರು ಆ ದಾರಿ ಹಿಡಿದರು. ಕಾಗದ ತಯಾರಿಕೆಗೆ ಇದು ಒಗ್ಗುವ ಲೆಕ್ಕ: ಬಾಯ್ಲರಿನ ಹಬೆ ಮೊದಲು ಟರ್ಬೈನ್ ತಿರುಗಿಸುತ್ತದೆ, ಆಮೇಲೆ ಅದೇ ಹಬೆ ಕಾಗದ ಒಣಗಿಸುತ್ತದೆ. 2021–22ರಲ್ಲಿ ಜಗತ್ತಿನಾದ್ಯಂತ ಕಲ್ಲಿದ್ದಲು ತುಟ್ಟಿಯಾದಾಗ ಅದನ್ನೇ ನೆಚ್ಚಿದ ಬಾಯ್ಲರುಗಳಿಗೂ ಬಿಸಿ ತಟ್ಟಿತು.

ದೊಡ್ಡವರು ಹೆಸ್ಕಾಂನಿಂದ ಹೊರಬಿದ್ದಷ್ಟೂ ಕ್ರಾಸ್ ಸಬ್ಸಿಡಿಯ ಭಾರ ಉಳಿದವರ ಹೆಗಲಿಗೆ. ಕರಾವಳಿಯಲ್ಲಿ ಹಾಗೆ ಉಳಿದವರಲ್ಲಿ ಕಾರವಾರದ ಬೈತಖೋಲದಿಂದ ಭಟ್ಕಳದವರೆಗಿನ ಐಸ್ ಪ್ಲಾಂಟಿನವರೂ ಇದ್ದಾರೆ. ಅವರದು ಭಾರಿ ಉದ್ಯಮವಲ್ಲ, ಆದರೆ ನೀರು ಬಿಟ್ಟರೆ ಅವರ ಕಚ್ಚಾಮಾಲೂ ಕರೆಂಟೇ. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧದ 61 ದಿನ ಟ್ರಾಲರುಗಳು ದಕ್ಕೆ ಬಿಟ್ಟು ಕದಲುವುದಿಲ್ಲ. ಕಂಪ್ರೆಸರ್ ತಣ್ಣಗಿರುವ ಆ ಎರಡು ತಿಂಗಳೂ ಫಿಕ್ಸೆಡ್ ಚಾರ್ಜಿನ ಬಿಲ್ಲು ಬರುತ್ತದೆ.