ಹೊಸ ಹೈಸ್ಕೂಲ್ ಬಂದರೆ ಲೌಡನ್‌ನಲ್ಲಿ ಜಗಳ ಯಾಕೆ?

ಎಂಟನೇ ಕ್ಲಾಸಿನ ಹುಡುಗಿ. ಮೈಕ್ ಅವಳ ಎತ್ತರಕ್ಕೆ ಬಗ್ಗುತ್ತಿರಲಿಲ್ಲ. ಹಿಂದೆ ಕೂತಿದ್ದ ಅಪ್ಪ ಎದ್ದು ಬಂದು ಸರಿ ಮಾಡಿದರು. ಕೈಯಲ್ಲಿದ್ದ ಕಾಗದ ನಡುಗುತ್ತಿತ್ತು. ನಾವು ಒಂದು ಸಲವೂ ಮನೆ ಬದಲಾಯಿಸಿಲ್ಲ, ಆದರೂ ನಾನು ಪ್ರೈಮರಿಯಲ್ಲಿ ಒಂದು ಸಲ, ಮಿಡ್ಲ್ ಸ್ಕೂಲಿಗೆ ಬರುವಾಗ ಒಂದು ಸಲ ಗೆಳತಿಯರನ್ನು ಬಿಟ್ಟು ಬಂದಿದ್ದೇನೆ, ಈಗ ಮತ್ತೆ ಬಿಡು ಅಂತಿದ್ದೀರಿ ಅಂತ ಓದಿದಳು. ಇಷ್ಟು ಹೇಳುವಷ್ಟರಲ್ಲಿ ಅವಳ ಟೈಮ್ ಮುಗಿಯಿತು.

ಅದು ಅಮೆರಿಕದ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಯ ಸ್ಕೂಲ್ ಬೋರ್ಡ್ ಸಭೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಸ್ಕೂಲ್ ಬೋರ್ಡ್ ಅಂದರೆ ಅಲ್ಲಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಮಂಡಳಿ. ಆ ಅಪ್ಪ ನನ್ನ ಸ್ನೇಹಿತರು, ಹಾಸನದ ಕಡೆಯವರು. ಅವರ ಜೊತೆ ನಾನೂ ಹೋಗಿದ್ದೆ. ಆಲ್ಡಿ ಊರಿನಲ್ಲಿ ಲೈಟ್‌ರಿಡ್ಜ್ ಅನ್ನೋ ಹೊಸ ಹೈಸ್ಕೂಲ್ ತೆರೆಯಲಿತ್ತು. ಯಾವ ಬಡಾವಣೆಯ ಮಕ್ಕಳು ಅಲ್ಲಿಗೆ ಹೋಗಬೇಕು, ಯಾರು ಹಳೇ ಶಾಲೆಯಲ್ಲೇ ಉಳಿಯಬೇಕು ಅನ್ನೋದು ಅವತ್ತಿನ ಪ್ರಶ್ನೆ. ಮಾತಾಡಲು ಉದ್ದ ಸಾಲು. ಸಾಲಿನಲ್ಲಿ ಅರ್ಧಕ್ಕರ್ಧ ನಮ್ಮವರೇ: ತೆಲುಗಿನವರು, ತಮಿಳರು, ನಾವು.

ಬೆಂಗಳೂರಿನಲ್ಲಿರುವ ನನ್ನ ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಒಂದು ಸ್ಕೂಲ್ ಇಷ್ಟ ಆಗಲಿಲ್ಲ ಅಂದ್ರೆ ಇನ್ನೊಂದಕ್ಕೆ ಸೇರಿಸಿ, ಅದಕ್ಕ್ಯಾಕೆ ಇಷ್ಟು ಗಲಾಟೆ ಅಂದಳು. ಅಲ್ಲಿ ಫೀಸು, ಡೊನೇಷನ್, ಸ್ಕೂಲ್ ವ್ಯಾನಿನ ಲೆಕ್ಕ. ಇಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲ, ಆಯ್ಕೆಯೂ ಇಲ್ಲದಷ್ಟೇ ಕಮ್ಮಿ. ನಿಮ್ಮ ಮನೆ ವಿಳಾಸ ಯಾವ ಗೆರೆಯೊಳಗೆ ಬೀಳುತ್ತದೋ ಅದೇ ನಿಮ್ಮ ಶಾಲೆ. ಆ ಗೆರೆಗೆ ಇಲ್ಲಿ ಬೌಂಡರಿ ಅಂತಾರೆ. ಹೈಸ್ಕೂಲ್ ಅಂದರೆ 9ರಿಂದ 12ನೇ ತರಗತಿ, ಅಂದರೆ ನಮ್ಮ ಪಿಯುಸಿಯೂ ಅದರೊಳಗೇ ಬಂತು. ನಾಲ್ಕು ವರ್ಷ ಒಂದೇ ಕಡೆ ಓದಿ, ಆಟ, ಬ್ಯಾಂಡು, ಕ್ಲಬ್ಬು ಎಲ್ಲ ಸೇರಿಸಿ ಕಾಲೇಜಿಗೆ ಅರ್ಜಿ ಹಾಕುವ ಜಾಗ ಅದು. ಅದಕ್ಕೇ ಪ್ರೈಮರಿ ಗೆರೆ ಬದಲಾದಾಗ ಗೊಣಗಿ ಸುಮ್ಮನಾಗುವವರೂ ಹೈಸ್ಕೂಲ್ ಅಂದ ಕೂಡಲೇ ಎದ್ದು ನಿಲ್ಲುತ್ತಾರೆ.

ಲೌಡನ್ ಒಂದು ಕಾಲಕ್ಕೆ ಹಸು, ಕುದುರೆ, ಜೋಳದ ಹೊಲಗಳ ಕೌಂಟಿ. ವಾಷಿಂಗ್ಟನ್ ನಗರಕ್ಕೆ ಹತ್ತಿರ, ಆದರೆ ಹಳ್ಳಿ. 1962ರಲ್ಲಿ ಅದರ ಅಂಚಿನಲ್ಲಿ ಡಲ್ಲೆಸ್ ವಿಮಾನ ನಿಲ್ದಾಣ ಬಂತು. 1996ರಲ್ಲಿ ಎಒಎಲ್ ಅನ್ನೋ ಇಂಟರ್‌ನೆಟ್ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಇಲ್ಲಿಗೆ ತಂದಿತು. ಆಮೇಲೆ ಆಶ್‌ಬರ್ನ್ ಸುತ್ತ ಡೇಟಾ ಸೆಂಟರ್‌ಗಳು, ಅವುಗಳ ಹಿಂದೆ ಮನೆಗಳು. ಜನಗಣತಿ ನೋಡಿ: 1990ರಲ್ಲಿ 86 ಸಾವಿರ ಜನ, 2000ದಲ್ಲಿ 1.69 ಲಕ್ಷ, 2010ರಲ್ಲಿ 3.12 ಲಕ್ಷ, 2020ರಲ್ಲಿ 4.2 ಲಕ್ಷ. ಈಗ ಇಲ್ಲಿ ಸುಮಾರು ಐವರಲ್ಲಿ ಒಬ್ಬರು ಏಷ್ಯಾ ಮೂಲದವರು. ಅದರಲ್ಲಿ ಭಾರತದವರದೇ ದೊಡ್ಡ ಪಾಲು.

ಬಂದವರೆಲ್ಲ ಚಿಕ್ಕ ಮಕ್ಕಳಿರುವ ಸಂಸಾರಗಳು. 1976ರಿಂದ 1997ರವರೆಗೆ ಈ ಕೌಂಟಿಯಲ್ಲಿ ಒಂದೇ ಒಂದು ಹೊಸ ಹೈಸ್ಕೂಲ್ ತೆರೆಯಲಿಲ್ಲ, ಬೇಕಾಗಿರಲಿಲ್ಲ. 1997ರಿಂದ 2020ರೊಳಗೆ 13 ತೆರೆದವು. 2005ರಲ್ಲಿ ಒಂದೇ ವರ್ಷ ಬ್ರಯರ್ ವುಡ್ಸ್ ಮತ್ತು ಫ್ರೀಡಮ್. 2012ರಲ್ಲಿ ಜಾನ್ ಚಾಂಪ್, 2014ರಲ್ಲಿ ರಾಕ್ ರಿಡ್ಜ್, 2015ರಲ್ಲಿ ರಿವರ್‌ಸೈಡ್, 2019ರಲ್ಲಿ ಇಂಡಿಪೆಂಡೆನ್ಸ್, 2020ರಲ್ಲಿ ಲೈಟ್‌ರಿಡ್ಜ್. ಒಂದೊಂದು ಶಾಲೆ ಬಂದಾಗಲೂ ಅಕ್ಕಪಕ್ಕದ ಎರಡು ಮೂರು ಶಾಲೆಗಳಿಂದ ಮಕ್ಕಳನ್ನು ಎತ್ತಿ ಅದಕ್ಕೆ ತುಂಬಬೇಕು. ಹೈಸ್ಕೂಲ್ ಗೆರೆ ಸರಿದರೆ ಅದಕ್ಕೆ ಮಕ್ಕಳನ್ನು ಕಳಿಸುವ ಮಿಡ್ಲ್ ಸ್ಕೂಲಿನ ಗೆರೆಯೂ ಸರಿಯುತ್ತದೆ. ಹೀಗೆ ಮನೆ ಇದ್ದಲ್ಲೇ ಇರುತ್ತದೆ, ಮಗುವಿನ ಶಾಲೆ ಮಾತ್ರ ಬದಲಾಗುತ್ತಾ ಹೋಗುತ್ತದೆ.

ಮೊದಲೇ ಕಟ್ಟಬಹುದಿತ್ತಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದ್ದೆ. ವರ್ಜೀನಿಯಾದಲ್ಲಿ ಸ್ಕೂಲ್ ಬೋರ್ಡಿಗೆ ತೆರಿಗೆ ಹಾಕುವ ಅಧಿಕಾರ ಇಲ್ಲ. ದುಡ್ಡು ಕೊಡುವವರು ಕೌಂಟಿಯ ಸೂಪರ್‌ವೈಸರ್‌ಗಳು, ಅಂದರೆ ಜನ ಆರಿಸಿದ ಕೌಂಟಿ ಆಡಳಿತ ಮಂಡಳಿಯವರು. ಶಾಲೆ ಕಟ್ಟಲು ಸಾಲ ಎತ್ತಬೇಕೆಂದರೆ ಸಾಮಾನ್ಯವಾಗಿ ನವೆಂಬರ್ ಚುನಾವಣೆಯಲ್ಲಿ ಜನರ ಒಪ್ಪಿಗೆ ಕೇಳುತ್ತಾರೆ. ಜಾಗ ಎಷ್ಟೋ ಸಲ ಬಿಲ್ಡರ್‌ಗಳು ಲೇಔಟ್ ಅನುಮತಿಗಾಗಿ ಬಿಟ್ಟುಕೊಟ್ಟ ನಿವೇಶನ. ಅದು ಅವರಿಗೆ ಅನುಕೂಲವಾದ ಕಡೆ ಇರುತ್ತದೆ, ಎಲ್ಲ ಮಕ್ಕಳಿಗೂ ಮಧ್ಯದಲ್ಲಿ ಇರುವುದಿಲ್ಲ. ಮನೆಗಳು ಮೊದಲು ಬರುತ್ತವೆ, ಶಾಲೆ ಆಮೇಲೆ. ನಡುವಿನ ವರ್ಷಗಳಲ್ಲಿ ಮಕ್ಕಳು ಅಂಗಳದಲ್ಲಿ ನಿಲ್ಲಿಸಿದ ಟ್ರೈಲರ್ ಕೋಣೆಗಳಲ್ಲಿ ಓದುತ್ತಾರೆ.

ಗೆರೆ ಎಳೆಯುವ ಕೆಲಸ ನೋಡಲು ಸುಲಭ. ಇಡೀ ಕೌಂಟಿಯನ್ನು ಸಣ್ಣ ಸಣ್ಣ ತುಂಡು ಮಾಡಿರುತ್ತಾರೆ. ಒಂದೊಂದಕ್ಕೂ ಒಂದು ನಂಬರ್, ಒಳಗೆ ಇಷ್ಟು ಮಕ್ಕಳು ಅಂತ ಲೆಕ್ಕ. ಆ ತುಂಡುಗಳನ್ನು ಜೋಡಿಸಿ ಶಾಲೆಗಳಿಗೆ ಹಂಚಬೇಕು. ಶಾಲೆ ತುಂಬಿ ತುಳುಕಬಾರದು, ಖಾಲಿಯೂ ಬೀಳಬಾರದು. ಹತ್ತಿರದ ಶಾಲೆಗೇ ಕಳಿಸಬೇಕು. ಒಂದು ಬಡಾವಣೆಯನ್ನು ನಡುವೆ ಸೀಳಬಾರದು. ಮಿಡ್ಲ್ ಸ್ಕೂಲಿನಲ್ಲಿ ಜೊತೆಗಿದ್ದವರು ಹೈಸ್ಕೂಲಿಗೂ ಜೊತೆಗೇ ಹೋಗಬೇಕು. ಬಡ ಮನೆಯ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಸೇರಿಬಿಡಬಾರದು. ಇವಿಷ್ಟೂ ಒಳ್ಳೆಯ ಮಾತುಗಳೇ. ಆದರೆ ಐದನ್ನೂ ಒಟ್ಟಿಗೆ ಉಳಿಸುವ ನಕ್ಷೆಯನ್ನು ನಾನಂತೂ ನೋಡಿಲ್ಲ. ಒಂದನ್ನು ಹಿಡಿದರೆ ಇನ್ನೊಂದು ಕೈಬಿಡುತ್ತದೆ.

ನಮ್ಮವರಲ್ಲಿ ಸಾಫ್ಟ್‌ವೇರ್ ಮಂದಿ ಜಾಸ್ತಿ. ಅಧಿಕಾರಿಗಳು ಒಂದು ಪ್ಲಾನ್ ಕೊಟ್ಟರೆ ಇವರು ರಾತ್ರಿಯೆಲ್ಲಾ ಕೂತು ಎಕ್ಸೆಲ್‌ನಲ್ಲಿ ಇನ್ನೊಂದು ಮಾಡುತ್ತಾರೆ. ಸ್ನೇಹಿತರ ಮನೆಯ ಊಟದ ಮೇಜಿನ ಮೇಲೆ ಎರಡು ವಾರ ಅನ್ನದ ಪಾತ್ರೆ ಇಡಲು ಜಾಗ ಇರಲಿಲ್ಲ, ಪೂರ್ತಿ ನಕ್ಷೆಗಳು. ಒಂದು ತುಂಡನ್ನು ಹಳದಿಯಿಂದ ಹಸಿರಿಗೆ ಸರಿಸಿದರೆ ಇವರ ಬೀದಿ ಉಳಿಯುತ್ತಿತ್ತು. ಆದರೆ ಆಗ ರಸ್ತೆಯ ಆಚೆ ಕಡೆಯವರು ಹೋಗಬೇಕಿತ್ತು. ಆಚೆ ಕಡೆಯವರ ಮನೆಗೂ ಇವರು ಗಣೇಶನ ಹಬ್ಬಕ್ಕೆ ಹೋಗಿ ಬಂದವರೇ.

ಇದು ಅಪ್ಪ ಅಮ್ಮಂದಿರ ಸ್ವಾರ್ಥ ಅಂತ ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಹದಿನಾಲ್ಕು ವರ್ಷದ ಮಗುವಿಗೆ ಗೆಳೆಯರು ಅಂದರೆ ಅರ್ಧ ಜೀವ. ಅದರಲ್ಲೂ ನಮ್ಮಂಥ ಕುಟುಂಬಗಳಿಗೆ ಇಲ್ಲಿ ಅಜ್ಜಿ ತಾತ ಇಲ್ಲ, ಅತ್ತೆ ಮಾವ ಇಲ್ಲ, ಮಕ್ಕಳು ಬೇರು ಬಿಡುವುದು ಶಾಲೆಯಲ್ಲೇ. ಆದರೆ ಮೈಕಿನ ಮುಂದೆ ಹೇಳುವ ಕಾರಣ ಒಂದು, ಪಾರ್ಕಿಂಗ್ ಜಾಗದಲ್ಲಿ ಆಡುವ ಮಾತು ಇನ್ನೊಂದು. ಅದನ್ನೂ ಹೇಳಲೇಬೇಕು.

ಒಂದು ಮಾತು ಮನೆ ಬೆಲೆಯದ್ದು. ಮನೆ ಮಾರುವ ವೆಬ್‌ಸೈಟ್‌ಗಳಲ್ಲಿ ಪ್ರತಿ ಮನೆಯ ಕೆಳಗೂ ಆ ವಿಳಾಸದ ಶಾಲೆಗೆ 10ಕ್ಕೆ ಇಷ್ಟು ಅಂತ ಅಂಕ ಇರುತ್ತದೆ. ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್ 1999ರಲ್ಲಿ ಬಾಸ್ಟನ್ ಸುತ್ತಲಿನ ಊರುಗಳಲ್ಲಿ ಗೆರೆಯ ಈಚೆ ಆಚೆ ಇರುವ ಮನೆಗಳನ್ನು ಹೋಲಿಸಿ ನೋಡಿದ್ದರು. ಅದೇ ಊರು, ಹೆಚ್ಚುಕಮ್ಮಿ ಅದೇ ಬೀದಿ. ಆದರೂ ಪರೀಕ್ಷೆಯ ಅಂಕ ಜಾಸ್ತಿ ಇರುವ ಶಾಲೆಯ ಕಡೆಗಿನ ಮನೆಗೆ ಜನ ಜಾಸ್ತಿ ದುಡ್ಡು ಕೊಡುತ್ತಿದ್ದರು. ಮೂವತ್ತು ವರ್ಷದ ಸಾಲ ಮಾಡಿ, ಇಂಥ ಶಾಲೆ ಸಿಗುತ್ತದೆ ಅಂತಲೇ ಮನೆ ಕೊಂಡವರಿಗೆ ಗೆರೆ ಸರಿದರೆ ಹೊಟ್ಟೆ ಉರಿಯುವುದು ಸಹಜ.

ಇನ್ನೊಂದು ಮಾತು ಹೇಳುವಾಗ ದನಿ ತಗ್ಗುತ್ತದೆ. ಆ ಶಾಲೆಯಲ್ಲಿ ಎಂಥ ಮಕ್ಕಳಿದ್ದಾರೆ ಅನ್ನೋದು. ಇಲ್ಲಿ ಬಡತನವನ್ನು ಅಳೆಯುವುದು ಶಾಲೆಯಲ್ಲಿ ಉಚಿತ ಅಥವಾ ಕಮ್ಮಿ ಬೆಲೆಯ ಊಟ ಎಷ್ಟು ಮಕ್ಕಳಿಗೆ ಸಿಗುತ್ತದೆ ಅನ್ನುವುದರಿಂದ. ಸ್ಟರ್ಲಿಂಗ್, ಲೀಸ್‌ಬರ್ಗ್‌ನ ಕೆಲವು ಶಾಲೆಗಳಲ್ಲಿ ಅಂಥ ಮಕ್ಕಳು ಜಾಸ್ತಿ. ಆಶ್‌ಬರ್ನ್, ಬ್ರ್ಯಾಂಬಲ್ಟನ್ ಕಡೆ ಕಮ್ಮಿ. ಮಧ್ಯಾಹ್ನದ ಬಿಸಿಯೂಟ ಉಂಡು ಓದಿ ಇಲ್ಲಿಗೆ ಬಂದವರೇ ಇನ್ನೊಂದು ಮಗುವಿನ ಊಟದ ಲೆಕ್ಕ ತೆಗೆದು ಶಾಲೆಯ ಬೆಲೆ ಕಟ್ಟುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ.

ಈ ಕೌಂಟಿಯಲ್ಲಿ ಶಾಲೆಯ ಗೆರೆಗೆ ಹಳೆಯ ಗಾಯ ಇದೆ. ನಾವು ಹೊಸಬರು, ನಮಗೆ ಗೊತ್ತಿರುವುದಿಲ್ಲ. ಲೀಸ್‌ಬರ್ಗ್‌ನ ಈಸ್ಟ್ ಮಾರ್ಕೆಟ್ ಸ್ಟ್ರೀಟ್‌ನಲ್ಲಿ ಡಗ್ಲಸ್ ಸ್ಕೂಲ್ ಅಂತ ಇಟ್ಟಿಗೆ ಕಟ್ಟಡ ಇದೆ. 1941ರಲ್ಲಿ ತೆರೆದ ಅದು ಇಡೀ ಕೌಂಟಿಯ ಕಪ್ಪು ಜನರ ಮಕ್ಕಳಿಗೆ ಇದ್ದ ಒಂದೇ ಹೈಸ್ಕೂಲ್. ಅದಕ್ಕೆ ಮುಂಚೆ ಅವರಿಗಿದ್ದ ಕಟ್ಟಡ ತೀರಾ ಕೆಟ್ಟ ಸ್ಥಿತಿಯಲ್ಲಿತ್ತು. ಸರಿಯಾದ ಶಾಲೆ ಕೊಡಿ ಅಂತ ಅಪ್ಪ ಅಮ್ಮಂದಿರು ಸಂಘ ಕಟ್ಟಿಕೊಂಡು ವರ್ಷಗಟ್ಟಲೆ ಅಲೆದರು. 1940ರಲ್ಲಿ ವಕೀಲ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಅವರ ಪರವಾಗಿ ಬೋರ್ಡಿಗೆ ಪತ್ರ ಬರೆದರು. ಶಾಲೆಯ ಜಾಗವನ್ನೂ ತಾಯಿ ತಂದೆಯರೇ ಚಂದಾ ಎತ್ತಿ 4,000 ಡಾಲರಿಗೆ ಕೊಂಡರು. ಕೊಂಡು, ಅದನ್ನು ಬೋರ್ಡಿಗೆ 1 ಡಾಲರಿಗೆ ಬರೆದುಕೊಟ್ಟರು. ಒಳಗಿನ ಸಾಮಾನು ಸರಂಜಾಮಿಗೂ ಅವರೇ ದುಡ್ಡು ಸೇರಿಸಿದರು. ತೆರಿಗೆ ಕಟ್ಟುವ ಜನ ತಮ್ಮ ಮಕ್ಕಳ ಸರ್ಕಾರಿ ಶಾಲೆಗೆ ಹೀಗೆ ಎರಡೆರಡು ಸಲ ದುಡ್ಡು ಕೊಟ್ಟರು.

ಕಪ್ಪು ಮಕ್ಕಳಿಗೆ ಬೇರೆ ಶಾಲೆ ಇಡುವುದು ಸಂವಿಧಾನಕ್ಕೆ ವಿರುದ್ಧ ಅಂತ 1954ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ವರ್ಜೀನಿಯಾ ಹಠ ಹಿಡಿದು ಕೂತಿತು. ಆಮೇಲೆ ಅನೇಕ ಕೌಂಟಿಗಳು ಒಂದು ಉಪಾಯ ಹೂಡಿದವು: ಯಾರಿಗೆ ಯಾವ ಶಾಲೆ ಬೇಕೋ ಆರಿಸಿಕೊಳ್ಳಿ, ನಾವು ತಡೆಯುವುದಿಲ್ಲ. ಕೇಳಲು ಚೆನ್ನಾಗಿದೆ. ಇದೇ ರಾಜ್ಯದ ನ್ಯೂ ಕೆಂಟ್ ಕೌಂಟಿಯಲ್ಲಿ ಇದ್ದದ್ದು ಎರಡೇ ಶಾಲೆ, ಎರಡೂ ಬಣ್ಣದವರು ಊರೆಲ್ಲಾ ಬೆರೆತೇ ಇದ್ದರು. ಆದರೂ ಬಿಳಿಯರ ಒಂದು ಮಗುವೂ ಕಪ್ಪು ಮಕ್ಕಳ ಶಾಲೆ ಆರಿಸಿಕೊಳ್ಳಲಿಲ್ಲ. ಎರಡು ಶಾಲೆಯ ಬಸ್ಸುಗಳು ಅದೇ ದಾರಿಗಳಲ್ಲಿ ಎದುರುಬದುರಾಗಿ ಓಡಾಡುತ್ತಿದ್ದವು. 1968ರಲ್ಲಿ ಸುಪ್ರೀಂ ಕೋರ್ಟ್ ಇದು ಸಾಲದು ಅಂದಿತು. ನಕ್ಷೆಯಲ್ಲಿ ಗೆರೆ ಎಳೆದು ಹತ್ತಿರದ ಮಕ್ಕಳನ್ನು ಹತ್ತಿರದ ಶಾಲೆಗೆ ಹಂಚುವುದೂ ಒಂದು ದಾರಿ ಅಂತ ಅದೇ ತೀರ್ಪು ಹೇಳಿತು. ಅಂದರೆ ನಾವು ಇವತ್ತು ಬೈಯುವ ಗೆರೆಯನ್ನು ಒಂದು ಕಾಲಕ್ಕೆ ನ್ಯಾಯ ಕೊಡಿಸಲು ಎಳೆಯಿರಿ ಅಂದಿದ್ದರು. ಲೌಡನ್‌ನಲ್ಲೂ ಅದೇ 1968ರಲ್ಲಿ ಡಗ್ಲಸ್ ಹೈಸ್ಕೂಲ್ ಮುಚ್ಚಿ ಮಕ್ಕಳನ್ನು ಒಂದುಗೂಡಿಸಿದರು. ತೀರಾ ತಡವಾಗಿ ಮಣಿದ ಕಡೆಗಳಲ್ಲಿ ಇದೂ ಒಂದು. ಬೇರೆ ಬೇರೆ ಇಟ್ಟಿದ್ದಕ್ಕೆ ಇಲ್ಲಿನ ಶಾಲಾ ಆಡಳಿತ ಕಪ್ಪು ಸಮುದಾಯದ ಕ್ಷಮೆ ಕೇಳಿದ್ದು 2020ರ ಸೆಪ್ಟೆಂಬರ್‌ನಲ್ಲಿ.

ಇನ್ನೊಂದು ತೀರ್ಪನ್ನೂ ನೆನಪಿಡಬೇಕು. 1974ರಲ್ಲಿ ಡೆಟ್ರಾಯಿಟ್ ನಗರದ ಕೇಸಿನಲ್ಲಿ ಕೋರ್ಟ್, ನಗರದ ಮಕ್ಕಳನ್ನು ಬೆರೆಸಲು ಹೊರಗಿನ ಊರುಗಳ ಶಾಲಾ ಆಡಳಿತಗಳನ್ನು ಸುಮ್ಮನೆ ಎಳೆದು ತರುವಂತಿಲ್ಲ ಅಂದಿತು. ಅದರಿಂದ ದೇಶದ ಎಷ್ಟೋ ಕಡೆ ಉಳ್ಳವರು ತಮ್ಮ ಪುಟ್ಟ ಊರಿನ ಬೇರೆ ಆಡಳಿತದೊಳಗೆ ಹೋಗಿ ಕೂತರು. ಲೌಡನ್‌ನಲ್ಲಿ ಹಾಗಾಗಲಿಲ್ಲ, ಯಾಕೆಂದರೆ ಇಲ್ಲಿ ಇಡೀ ಕೌಂಟಿಗೆ ಒಂದೇ ಸ್ಕೂಲ್ ಬೋರ್ಡ್. ಉಳ್ಳವರು, ಇಲ್ಲದವರು, ಹೊಸಬರು, ಹಳಬರು ಒಂದೇ ಕೋಣೆಯಲ್ಲಿ ಕೂತು ಜಗಳ ಆಡಲೇಬೇಕು. ನನ್ನ ಪ್ರಕಾರ ಇದು ಒಳ್ಳೆಯದು, ಎಷ್ಟೇ ಕಷ್ಟವಾದರೂ.

ಈಗ ಲೌಡನ್‌ನಲ್ಲಿ ಬೆಳವಣಿಗೆಯ ವೇಗ ಇಳಿದಿದೆ. 2024ರಲ್ಲಿ ಪಶ್ಚಿಮದ ಸಣ್ಣ ಹಳ್ಳಿ ಶಾಲೆಗಳನ್ನು ಮುಚ್ಚಿ ಬೇರೆಯದಕ್ಕೆ ಸೇರಿಸುವ ಮಾತು ಬಂದು ಅಲ್ಲಿನವರೂ ಸಭೆಗೆ ಬಂದರು. ಗೆರೆಗಳು ಇನ್ನೂ ಸರಿಯುತ್ತವೆ. ನನಗೆ ಬೇಕಾಗಿರುವುದು ಎರಡೇ. ಒಂದೇ ಮಗುವನ್ನು ಎರಡು ಮೂರು ಸಲ ಎತ್ತಿ ಹಾಕಬೇಡಿ, ಈಗಾಗಲೇ ಒಮ್ಮೆ ಸರಿದ ಬೀದಿಯನ್ನು ಕೊನೆಗೆ ಮುಟ್ಟಿ. ಮತ್ತೆ, ಮೈಕಿನ ಮುಂದೆ ನಿಂತಾಗ ಇನ್ನೊಂದು ಶಾಲೆಯ ಮಕ್ಕಳ ಬಗ್ಗೆ, ಅವರು ಎದುರಿಗೇ ಕೂತಿದ್ದಾರೆ ಅಂದುಕೊಂಡು ಮಾತಾಡಿ. ಎಷ್ಟೋ ಸಲ ಅವರು ನಿಜವಾಗಿಯೂ ಅಲ್ಲೇ ಕೂತಿರುತ್ತಾರೆ.

ಸ್ನೇಹಿತರ ಬೀದಿ ಲೈಟ್‌ರಿಡ್ಜ್‌ಗೆ ಹೋಯಿತು. ಮಗಳು ಒಂಬತ್ತನೆಯದಕ್ಕೆ ಅಲ್ಲಿಗೆ, ಹನ್ನೆರಡನೆಯದರಲ್ಲಿದ್ದ ಮಗನಿಗೆ ಹಳೇ ಶಾಲೆಯಲ್ಲೇ ಮುಗಿಸಲು ಅವಕಾಶ. 2020ರ ಸೆಪ್ಟೆಂಬರ್‌ನಲ್ಲಿ ಹೊಸ ಶಾಲೆ ಶುರುವಾದಾಗ ಕೊರೊನಾ. ಕೌಂಟಿಯ ಪಾಠವೆಲ್ಲ ಮನೆಯಿಂದಲೇ. ಅಷ್ಟು ಜನ ಬಡಿದಾಡಿದ ಕಟ್ಟಡದೊಳಗೆ ಮೊದಲ ದಿನ ಮಕ್ಕಳೇ ಇರಲಿಲ್ಲ. ಅವತ್ತು ಬೆಳಿಗ್ಗೆ ಅವರ ಮನೆಯ ಮಹಡಿಯಲ್ಲಿ ಎದುರುಬದುರು ಎರಡು ಕೋಣೆ, ಎರಡು ಲ್ಯಾಪ್‌ಟಾಪ್. ಒಂದು ಬಾಗಿಲ ಹಿಂದೆ ಒಂದು ಹೈಸ್ಕೂಲ್, ಇನ್ನೊಂದರ ಹಿಂದೆ ಇನ್ನೊಂದು. ನಡುವಿನ ಮೂರಡಿ ಓಡಾಡುವ ಜಾಗದಲ್ಲಿ ಅವರ ಅಮ್ಮ ಎರಡು ತಟ್ಟೆ ಉಪ್ಪಿಟ್ಟು ಹಿಡಿದು, ಯಾವ ಶಾಲೆಗೆ ಮೊದಲು ಬಿಡುವು ಸಿಗುತ್ತದೆ ಅಂತ ಕಾಯುತ್ತಾ ನಿಂತಿದ್ದರು.