ಕಪ್ಪುಕುಳಿಯ ಗುಮ್ಮ, ಬಯಲಿನ ಕಾವಲು

ಸೂರ್ಯನನ್ನು ಈಗಿಂದೀಗಲೇ ಎತ್ತಿಟ್ಟು, ಅದೇ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿಯೊಂದನ್ನು ತಂದಿಟ್ಟರೆ ಭೂಮಿಗೆ ಏನಾಗುತ್ತದೆ? ಮೊದಲ ಎಂಟು ನಿಮಿಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕತ್ತಲು. ದಿನ ಕಳೆದಂತೆ ತಡೆಯಲಾರದ ಚಳಿ, ಕಡಲುಗಳ ಮೇಲೆಲ್ಲ ಮಂಜುಗಡ್ಡೆ. ಆದರೆ ನಾವು ನಿರೀಕ್ಷಿಸುವ ಆ ಒಂದು ಸಂಗತಿ ಮಾತ್ರ ನಡೆಯುವುದಿಲ್ಲ. ಭೂಮಿ ಆ ಕುಳಿಯ ಕಡೆಗೆ ಒಂದು ಗೇಣೂ ಜರುಗುವುದಿಲ್ಲ. ಅದೇ ಕಕ್ಷೆ, ಅದೇ ವೇಗ, 365 ಚಿಲ್ಲರೆ ದಿನಕ್ಕೊಂದು ಸುತ್ತು. ಹದಿನೈದು ಕೋಟಿ ಕಿ.ಮೀ. ದೂರದಲ್ಲಿರುವ ಭೂಮಿಗೆ ನಡುವೆ ಎಷ್ಟು ದ್ರವ್ಯರಾಶಿ ಇದೆ ಎನ್ನುವುದಷ್ಟೇ ಮುಖ್ಯ. ಅದು 14 ಲಕ್ಷ ಕಿ.ಮೀ. ಅಗಲದ ಉರಿಯುವ ಅನಿಲದ ಉಂಡೆಯೋ, 6 ಕಿ.ಮೀ. ಅಗಲದ ಕಪ್ಪು ಗೋಳವೋ ಎಂಬುದರಿಂದ ಅದರ ಸುತ್ತಾಟಕ್ಕೆ ಏನೂ ಆಗಬೇಕಾದ್ದಿಲ್ಲ.

ಆದರೂ ಕಪ್ಪುಕುಳಿ ಎಂದಾಕ್ಷಣ ನಮ್ಮ ಕಣ್ಣಿಗೆ ಕಟ್ಟುವುದು ಬಕಾಸುರನ ಬಾಯಿಯೇ. ಸಿಕ್ಕಿದ್ದನ್ನೆಲ್ಲ ಸೆಳೆದು ನುಂಗುತ್ತ ಅಂಡಲೆಯುವ ಗುಮ್ಮ. ಈ ಹೆದರಿಕೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಎಳೆಗಳು ಹೆಣೆದುಕೊಂಡಿರುವುದು ಕಾಣುತ್ತದೆ. ಯಾವುದೋ ಒಂದು ದಿನ ಅದು ಬಂದು ನಮ್ಮನ್ನು ನುಂಗಿಬಿಟ್ಟರೆ ಎನ್ನುವುದು ಮೊದಲನೆಯದು. ಇಷ್ಟು ದೊಡ್ಡ ಬಯಲಿನಲ್ಲಿ ನಾವು ಯಾವ ಲೆಕ್ಕ ಎನ್ನುವುದು ಎರಡನೆಯದು; ನಡುರಾತ್ರಿ ನಿದ್ದೆ ಕೆಡಿಸುವುದು ಹೆಚ್ಚಾಗಿ ಇದೇ. ಎರಡನ್ನೂ ಒಟ್ಟಿಗೆ ಹೊತ್ತು ತಿರುಗುವವರು ಒಂದು ವಿಷಯ ಗಮನಿಸಿದಂತಿಲ್ಲ: ಎರಡನೆಯ ಹೆದರಿಕೆಗೆ ಕಾರಣವಾದದ್ದೇ ಮೊದಲನೆಯದಕ್ಕೆ ಮದ್ದು.

ಕಪ್ಪುಕುಳಿಗೆ ಮೊದಲು ಬೆಚ್ಚಿದವರು ಜನಸಾಮಾನ್ಯರಲ್ಲ, ಭೌತವಿಜ್ಞಾನಿಗಳು. 1930ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟಿದ್ದ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ದಾರಿಯಲ್ಲಿ ಒಂದು ಲೆಕ್ಕ ಹಾಕಿದರು. ಉರಿದು ಮುಗಿದ ನಕ್ಷತ್ರ ಶ್ವೇತಕುಬ್ಜವಾಗಿ, ಅಂದರೆ ಕುಗ್ಗಿ ಒತ್ತಾದ ಪುಟ್ಟ ನಕ್ಷತ್ರವಾಗಿ, ತಣ್ಣಗೆ ಕೂರಬೇಕಾದರೆ ಅದರ ತೂಕಕ್ಕೊಂದು ಮಿತಿ ಇರಬೇಕು. ಈಗ ನಾವು ಒಪ್ಪಿರುವಂತೆ ಅದು ಸೂರ್ಯನ ಸುಮಾರು 1.4 ಪಟ್ಟು. ಅದನ್ನು ಮೀರಿದರೆ? ಕುಸಿತ ನಿಲ್ಲುವುದಿಲ್ಲ. 1935ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಚಂದ್ರಶೇಖರ್ ಇದನ್ನು ಮಂಡಿಸಿದ ಬೆನ್ನಿಗೇ ಆಗಿನ ಹೆಸರಾಂತ ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್ ಎದ್ದು ನಿಂತು, ನಕ್ಷತ್ರವೊಂದು ಇಂಥ ಅಸಂಬದ್ಧ ಗತಿಗೆ ಇಳಿಯದಂತೆ ತಡೆಯುವ ನಿಯಮ ಪ್ರಕೃತಿಯಲ್ಲಿ ಇರಲೇಬೇಕು ಎಂದು ವಾದಿಸಿದರು. ಗಣಿತದಲ್ಲಿ ತಪ್ಪು ಹುಡುಕಿದ್ದಕ್ಕಿಂತ ಅದರ ಫಲಿತಾಂಶವನ್ನು ಸಹಿಸಲಾಗದೆ ಆಡಿದ ಮಾತು ಎಂದೇ ಅದನ್ನು ಓದಬೇಕು. ಐನ್‌ಸ್ಟೈನ್ ಕೂಡ ಹಿಂದೆ ಬೀಳಲಿಲ್ಲ. ತಮ್ಮದೇ ಸಮೀಕರಣಗಳಿಂದ ಹುಟ್ಟಿದ ಈ ಕೂಸು ನಿಜ ಜಗತ್ತಿನಲ್ಲಿ ಇರಲಾರದು ಎಂದು ತೋರಿಸಲು 1939ರಲ್ಲಿ ಅವರೊಂದು ಪ್ರಬಂಧವನ್ನೇ ಬರೆದರು. ಅದೇ ವರ್ಷ ಓಪನ್‌ಹೈಮರ್ ಮತ್ತು ಸ್ನೈಡರ್ ತದ್ವಿರುದ್ಧವಾದ ಲೆಕ್ಕ ಪ್ರಕಟಿಸಿದರು. ಚಂದ್ರಶೇಖರ್‌ಗೆ ನೊಬೆಲ್ ಬಂದದ್ದು 1983ರಲ್ಲಿ. ಅಷ್ಟು ಹೊತ್ತಿಗೆ ಕಪ್ಪುಕುಳಿ ಯಾರಿಗೂ ಅಸಂಬದ್ಧ ಅನಿಸುತ್ತಿರಲಿಲ್ಲ.

ಇನ್ನು ಒಳಗೆ ಬಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ. ಯಾವ ಕುಳಿಗೆ ಬಿದ್ದಿರಿ ಎನ್ನುವುದರ ಮೇಲೆ ಹೋಗುತ್ತದೆ ಇದು. ಹತ್ತು ಸೂರ್ಯರ ತೂಕದ ಕುಳಿಯಾದರೆ ಅದರ ಅಂಚು, ಅಂದರೆ ದಾಟಿದರೆ ಬೆಳಕೂ ಹಿಂದಿರುಗದ ಘಟನಾ ದಿಗಂತ, ಕೇಂದ್ರದಿಂದ ಬರೀ 30 ಕಿ.ಮೀ. ಪಾದ ಮುಂದಾಗಿ ಬೀಳುವವರ ಕಾಲಿನ ಮೇಲಿನ ಸೆಳೆತಕ್ಕೂ ತಲೆಯ ಮೇಲಿನ ಸೆಳೆತಕ್ಕೂ ಎಷ್ಟು ವ್ಯತ್ಯಾಸವೆಂದರೆ, ಅಂಚು ಇನ್ನೂ ನೂರಾರು ಕಿ.ಮೀ. ಇರುವಾಗಲೇ ದೇಹ ಹರಿದುಹೋಗುತ್ತದೆ. ಎಂ87 ಗ್ಯಾಲಕ್ಸಿಯ ನಡುವಿನ ಕುಳಿಯ ಕಥೆಯೇ ಬೇರೆ. 2019ರ ಏಪ್ರಿಲ್‌ನಲ್ಲಿ ಜಗತ್ತು ನೋಡಿದ ಆ ಕಿತ್ತಳೆ ಉಂಗುರದ ಚಿತ್ರ ಇದರದ್ದೇ. ತೂಕ ಸುಮಾರು 650 ಕೋಟಿ ಸೂರ್ಯರಷ್ಟು. ಅದರ ಅಂಚು ಕೇಂದ್ರದಿಂದ ಸೂರ್ಯ–ನೆಪ್ಚೂನ್ ದೂರದ ನಾಲ್ಕು ಪಟ್ಟು ಆಚೆ ಇದೆ. ಆ ತೂಕವನ್ನು ಆ ಗಾತ್ರಕ್ಕೆ ಹಂಚಿ ನೋಡಿದರೆ ಸಿಗುವ ಸಾಂದ್ರತೆ ನಾವು ಉಸಿರಾಡುವ ಗಾಳಿಗಿಂತ ಕಡಿಮೆ! ಕಪ್ಪುಕುಳಿ ಎಂದರೆ ಊಹಿಸಲಾಗದಷ್ಟು ಒತ್ತಾದ ವಸ್ತು ಎಂದು ಶಾಲೆಯಲ್ಲಿ ಕಲಿತವರಿಗೆ ಇದು ಗಂಟಲಲ್ಲಿ ಇಳಿಯುವುದು ಕಷ್ಟ. ಸುತ್ತಲಿನ ಬಿಸಿ ಅನಿಲದ ಕಾಟವನ್ನು ಬದಿಗಿಟ್ಟರೆ, ಈ ಕುಳಿಯ ಅಂಚು ದಾಟುವ ಕ್ಷಣದಲ್ಲಿ ನಿಮಗೆ ಏನೂ ಅನಿಸುವುದಿಲ್ಲ. ಅಲ್ಲಿ ಗೋಡೆಯಿಲ್ಲ, ಗೆರೆಯಿಲ್ಲ, ಎಚ್ಚರಿಕೆಯ ಫಲಕವೂ ಇಲ್ಲ.

ನನ್ನನ್ನು ಕೇಳಿದರೆ ಎದೆ ಝಲ್ಲೆನ್ನಬೇಕಾದ್ದು ಇಲ್ಲಿಂದ ಮುಂದೆ. ಅಂಚು ದಾಟಿದ ಮೇಲೆ ಕೇಂದ್ರ ಎನ್ನುವುದು ಎದುರಿಗಿರುವ ಒಂದು ಸ್ಥಳವಾಗಿ ಉಳಿಯುವುದಿಲ್ಲ. ಅದು ನಿಮ್ಮ ನಾಳೆಯಾಗುತ್ತದೆ. ಸ್ಥಳವಾದರೆ ಬಳಸಿ ಹೋಗಬಹುದು, ಬೆನ್ನು ತಿರುಗಿಸಬಹುದು. ನಾಳೆಯನ್ನು ಬಳಸಿ ಹೋಗುವುದು ಹೇಗೆ? ಎಷ್ಟು ಶಕ್ತಿಯ ರಾಕೆಟ್ ಉರಿಸಿದರೂ ಮೀರಲಾಗದ ಗಡುವೊಂದಿದೆ. ಎಂ87ರ ಕುಳಿಯಲ್ಲಿ ಅದು ಒಂದು ದಿನಕ್ಕಿಂತ ತುಸು ಹೆಚ್ಚು. ನಮ್ಮ ಕ್ಷೀರಪಥದ ನಡುವಿನ ಕುಳಿಯಲ್ಲಿ ಒಂದು ನಿಮಿಷದ ಆಸುಪಾಸು. ಸೂರ್ಯನ ತೂಕದ್ದಾದರೆ ಸೆಕೆಂಡಿನ ಲಕ್ಷದ ಒಂದೆರಡು ಪಾಲು, ಕಣ್ಣು ಪಿಳುಕಿಸಲೂ ಪುರಸೊತ್ತಿಲ್ಲ.

ಸರಿ, ಬಿದ್ದವರ ಗತಿ ಹಾಗೆ. ಬೀಳುವುದೇ ಎಷ್ಟು ಕಷ್ಟ ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಸೂರ್ಯನನ್ನು ಒಂದು ಮಿಲಿಮೀಟರಿನ ಸಾಸಿವೆ ಕಾಳು ಎಂದುಕೊಳ್ಳಿ. ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಇರುವುದು ಸುಮಾರು 29 ಕಿ.ಮೀ. ಆಚೆ. ನಡುವೆ ಬರೀ ಬಯಲು. ಇದೇ ಅಳತೆಯಲ್ಲಿ ಹತ್ತು ಸೂರ್ಯರ ತೂಕದ ಕಪ್ಪುಕುಳಿ ಕೊರೊನಾ ವೈರಸ್ಸಿನ ಅರ್ಧದಷ್ಟೂ ಇಲ್ಲ. ಈವರೆಗೆ ಪತ್ತೆಯಾದವುಗಳಲ್ಲಿ ಭೂಮಿಗೆ ಅತಿ ಹತ್ತಿರದ್ದು ಗಾಯಾ ಬಿಎಚ್1, 2022ರಲ್ಲಿ ಗೊತ್ತಾದದ್ದು, ಹೆಚ್ಚೂಕಡಿಮೆ ಅಷ್ಟೇ ತೂಕ. ದೂರ 1,560 ಜ್ಯೋತಿರ್ವರ್ಷ; ಸಾಸಿವೆಯ ಲೆಕ್ಕದಲ್ಲಿ ಹತ್ತು ಸಾವಿರ ಕಿ.ಮೀ.ಗೂ ಹೆಚ್ಚು. ಅಷ್ಟು ದೂರದ ಅರ್ಧ ವೈರಸ್ಸಿಗೆ ನಮ್ಮ ಸಾಸಿವೆ ಹೆದರಬೇಕೆ?

ಅಷ್ಟೆಲ್ಲ ಮೀರಿ ಹತ್ತಿರ ಹೋದರೂ ಬೀಳಲೇಬೇಕೆಂದಿಲ್ಲ. ಕ್ಷೀರಪಥದ ನಡುವೆ, ನಮ್ಮಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ, 40 ಲಕ್ಷಕ್ಕೂ ಹೆಚ್ಚು ಸೂರ್ಯರ ತೂಕದ ಕಪ್ಪುಕುಳಿ ಇದೆ. ಅದನ್ನು ಸುತ್ತುವ ಎಸ್2 ಎಂಬ ನಕ್ಷತ್ರವನ್ನು ಜರ್ಮನಿಯ ರೈನ್‌ಹಾರ್ಡ್ ಗೆನ್ಝೆಲ್ ಮತ್ತು ಅಮೆರಿಕದ ಆಂಡ್ರಿಯಾ ಗೆಝ್ ತಂಡಗಳು ದಶಕಗಳ ಕಾಲ ಬಿಡದೆ ಹಿಂಬಾಲಿಸಿದವು. ಆ ಕೆಲಸಕ್ಕೆ 2020ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಎಸ್2ಗೆ ಒಂದು ಸುತ್ತಿಗೆ 16 ವರ್ಷ. 2018ರ ಮೇ ತಿಂಗಳಲ್ಲಿ ಅದು ಕುಳಿಗೆ ಅತಿ ಸಮೀಪ ಬಂದಾಗ ವೇಗ ಸೆಕೆಂಡಿಗೆ 7,600 ಕಿ.ಮೀ. ದಾಟಿತ್ತು. ಕುಳಿಯ ಗುರುತ್ವಕ್ಕೆ ಅದರ ಬೆಳಕಿನ ಅಲೆಗಳೇ ಹಿಗ್ಗಿ ಕೆಂಪಿನ ಕಡೆಗೆ ಸರಿದದ್ದನ್ನು ಉಪಕರಣಗಳು ಅಳೆದವು. ಇಷ್ಟಾದ ಮೇಲೆ ಏನಾಯಿತು? ನಕ್ಷತ್ರ ಸುತ್ತು ಹೊಡೆದು, ಬಂದ ಹಾಗೆಯೇ ಹೊರಟುಹೋಯಿತು.

ದೂರ ಹೇಗೆ ಕಾಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ 2015ರ ಸೆಪ್ಟೆಂಬರ್ 14ರಂದು ಸಿಕ್ಕಿತು. 36 ಮತ್ತು 29 ಸೂರ್ಯರ ತೂಕದ ಎರಡು ಕಪ್ಪುಕುಳಿಗಳು ಒಂದರೊಳಗೊಂದು ಬೆರೆತಾಗ ಮೂರು ಸೂರ್ಯರಷ್ಟು ದ್ರವ್ಯ ಸೆಕೆಂಡಿನ ಒಂದು ತುಣುಕಿನಲ್ಲಿ ಗುರುತ್ವದ ಅಲೆಗಳಾಗಿ ಹೊಮ್ಮಿಹೋಗಿತ್ತು. ಆ ಗಳಿಗೆಯಲ್ಲಿ ಅದರ ಶಕ್ತಿಯ ಹರಿವು ಕಾಣುವ ವಿಶ್ವದ ಎಲ್ಲ ನಕ್ಷತ್ರಗಳ ಬೆಳಕನ್ನೂ ಮೀರಿಸಿತ್ತು. ನಡೆದದ್ದು ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಅಲೆ ಇಲ್ಲಿಗೆ ತಲುಪುವ ಹೊತ್ತಿಗೆ ಎಷ್ಟು ಸೊರಗಿತ್ತೆಂದರೆ, ಲೈಗೊ ವೀಕ್ಷಣಾಲಯದ ನಾಲ್ಕು ಕಿ.ಮೀ. ಉದ್ದದ ತೋಳುಗಳನ್ನು ಅದು ಅಲುಗಾಡಿಸಿದ್ದು ಪ್ರೋಟಾನಿನ ಅಗಲದ ಸಾವಿರದಲ್ಲೊಂದು ಭಾಗದಷ್ಟು. ವಿಶ್ವ ಇಕ್ಕಟ್ಟಾಗಿದ್ದರೆ ಇಂಥ ಒಂದೇ ಒಂದು ಘಟನೆ ಸಾಕಿತ್ತು.

ಹಾಗಾಗಿ ಇಷ್ಟು ದೊಡ್ಡ ಬಯಲು ಯಾಕೆ ಬೇಕಿತ್ತು ಎಂದು ಗೊಣಗುವವರ ಜೊತೆ ನಾನು ಸೇರಲಾರೆ. ಇನ್ನೊಂದು ಕಾರಣವೂ ಇದೆ. ನಮ್ಮ ಮೈಯಲ್ಲಿರುವ ಇಂಗಾಲ, ಆಮ್ಲಜನಕ ತಯಾರಾದದ್ದು ನಕ್ಷತ್ರಗಳ ಒಡಲಲ್ಲಿ. ಅವು ಉರಿದು, ಸತ್ತು, ಬೂದಿ ಚೆಲ್ಲಿ, ಆ ಬೂದಿಯಿಂದ ಹೊಸ ಸೂರ್ಯ, ಹೊಸ ಗ್ರಹ ಮೂಡಿ, ಅಲ್ಲಿ ಜೀವ ವಿಕಾಸವಾಗಲು ನೂರಾರು ಕೋಟಿ ವರ್ಷ ಹಿಡಿಯುತ್ತದೆ. ಅಷ್ಟೂ ಕಾಲ ವಿಶ್ವ ಹಿಗ್ಗುತ್ತಲೇ ಇರುತ್ತದೆ. 1380 ಕೋಟಿ ವರ್ಷ ವಯಸ್ಸಾದ ನಮ್ಮ ವಿಶ್ವದಲ್ಲಿ ಕಾಣುವ ಭಾಗದ ಅಗಲವೇ ಈಗ ಸುಮಾರು 9300 ಕೋಟಿ ಜ್ಯೋತಿರ್ವರ್ಷ. ಅಂಗೈಯಗಲದ ವಿಶ್ವ ಬೇಕೆಂದರೆ ಎಳೆಯ ವಿಶ್ವಕ್ಕೆ ಒಪ್ಪಬೇಕು. ಎಳೆಯ ವಿಶ್ವದಲ್ಲಿ ಹೆದರಲು ಯಾರೂ ಇರುವುದಿಲ್ಲ. ನಾವೆಲ್ಲ ನಕ್ಷತ್ರದ ಧೂಳು ಎಂದು ಕಣ್ಣು ಒದ್ದೆ ಮಾಡಿಕೊಳ್ಳುವ ಜಾತಿಯ ಸಮಾಧಾನ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಇದು ಬರೀ ಕಾಲದ ಲೆಕ್ಕ.

ಕಾಲದ ಲೆಕ್ಕ ಮುಂದುವರಿಸಿದರೆ ಮಾತ್ರ ಧೈರ್ಯ ಸ್ವಲ್ಪ ಕುಗ್ಗುತ್ತದೆ, ಒಪ್ಪಿಕೊಳ್ಳಬೇಕು. ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿದೆ ಎಂದು 1998ರಲ್ಲಿ ಗೊತ್ತಾಯಿತು. ಇದರ ಅರ್ಥ, ನಮ್ಮ ಸುತ್ತಲೂ ಒಂದು ದಿಗಂತವಿದೆ. ಸುಮಾರು 1600 ಕೋಟಿ ಜ್ಯೋತಿರ್ವರ್ಷದಾಚೆಯ ಗ್ಯಾಲಕ್ಸಿಯಿಂದ ಇವತ್ತು ಹೊರಟ ಬೆಳಕು ಎಷ್ಟು ಕಾದರೂ ಇಲ್ಲಿಗೆ ತಲುಪದು. ಗ್ಯಾಲಕ್ಸಿಗಳು ಒಂದೊಂದಾಗಿ ಆ ಗೆರೆ ದಾಟುತ್ತಿವೆ. ಕಪ್ಪುಕುಳಿಯನ್ನು ಹೊರಗಿನಿಂದ ನೋಡುವವರಿಗೆ ಯಾವ ಪಾಡೋ ಅದೇ ಪಾಡು ನಮಗೆ, ಎಲ್ಲ ದಿಕ್ಕಿನಲ್ಲೂ. ಇದು ಯಾರನ್ನೂ ನುಂಗುವುದಿಲ್ಲ, ನೋಡಲು ಸಿಗುವ ಲೋಕವನ್ನು ಕಡಿಮೆ ಮಾಡುತ್ತ ಹೋಗುತ್ತದೆ. ನನಗೇನೋ ಬಕಾಸುರನಿಗಿಂತ ಇದೇ ಹೆಚ್ಚು ಕಾಡುತ್ತದೆ.

ಕೊನೆಗೆ ನಕ್ಷತ್ರಗಳೂ ಆರಿ ಕಪ್ಪುಕುಳಿಗಳೇ ಉಳಿಯುವ ಕಾಲ ಬರುತ್ತದೆ. ಅವೂ ಶಾಶ್ವತವಲ್ಲ ಎಂದು 1974ರಲ್ಲಿ ಸ್ಟೀಫನ್ ಹಾಕಿಂಗ್ ತೋರಿಸಿದರು. ಕುಳಿ ಅತಿ ಮೆಲ್ಲಗೆ ವಿಕಿರಣ ಸೂಸುತ್ತ ಸವೆಯುತ್ತದೆ. ಸೂರ್ಯನ ತೂಕದ್ದು ಪೂರ್ತಿ ಆವಿಯಾಗಲು ಬೇಕಾದ ವರ್ಷಗಳನ್ನು ಬರೆಯಲು 1ರ ಮುಂದೆ 67 ಸೊನ್ನೆ ಹಾಕಬೇಕು. ಸದ್ಯಕ್ಕೆ ಆ ಸವೆತ ಶುರುವೂ ಆಗಿಲ್ಲ. ಅಂಥ ಕುಳಿಯ ತಾಪಮಾನ ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಕೋಟಿಯಲ್ಲೊಂದು ಪಾಲಿನ ಆಸುಪಾಸು. ಸುತ್ತಲಿನ ಬಾಹ್ಯಾಕಾಶವೇ 2.7 ಡಿಗ್ರಿಯಷ್ಟು ಬೆಚ್ಚಗಿದೆ. ಕಳೆದುಕೊಳ್ಳುವುದಕ್ಕಿಂತ ಗಳಿಸುವುದೇ ಹೆಚ್ಚು.

ಕುಳಿ ಚಿಕ್ಕದಾದಷ್ಟೂ ಬಿಸಿ ಹೆಚ್ಚು, ಆಯುಸ್ಸು ಕಡಿಮೆ. ವಿಶ್ವದ ಹುಟ್ಟಿನ ಗದ್ದಲದಲ್ಲೇ 50 ಕೋಟಿ ಟನ್ನಿನ ಆಸುಪಾಸಿನ, ಅಂದರೆ ಪ್ರೋಟಾನಿನಷ್ಟು ಗಾತ್ರದ ಕಪ್ಪುಕುಳಿಗಳು ಹುಟ್ಟಿದ್ದರೆ, ಅವುಗಳ ಆಯುಸ್ಸು ಮುಗಿಯುವುದು ಸರಿಯಾಗಿ ನಮ್ಮ ಕಾಲಕ್ಕೆ. ಕಡೆಯ ಕ್ಷಣದಲ್ಲಿ ಗಾಮಾ ಕಿರಣಗಳ ಸಿಡಿತವಾಗಬೇಕು. 2008ರಲ್ಲಿ ಹಾರಿದ ಫರ್ಮಿ ದೂರದರ್ಶಕದ ದತ್ತಾಂಶದಲ್ಲಿ ಇಂಥ ಸಿಡಿತಕ್ಕಾಗಿ ಹುಡುಕಾಟ ನಡೆದಿದೆ. ಒಂದೂ ಸಿಕ್ಕಿಲ್ಲ. ಸಿಕ್ಕಿದ್ದರೆ ಹಾಕಿಂಗ್‌ಗೆ ನೊಬೆಲ್ ಖಚಿತವಿತ್ತು. 2018ರಲ್ಲಿ ಅವರು ತೀರಿಕೊಂಡರು. ಹುಡುಕುವವರು ಈಗಲೂ ಒಂದು ಕಪ್ಪುಕುಳಿಯಾದರೂ ನಮ್ಮ ಹತ್ತಿರದಲ್ಲಿ ಇರಲಿ ಎಂದು ಹಾರೈಸುತ್ತಿದ್ದಾರೆ. ತೀರಾ ದೂರದ್ದಾದರೆ ಅದರ ಸಿಡಿತ ಉಪಕರಣಗಳಿಗೆ ಕಾಣುವುದೇ ಇಲ್ಲ.