ಓರೆಯಾಗಿ ಸರಿಯುವ ಗೆರೆಗಳು: ನೆಲದಿಂದಲೇ ಹೊರಗ್ರಹದ ಗಾಳಿ ಕಂಡ ಬಗೆ

ಸ್ವಾತಿ ನಕ್ಷತ್ರ ಗೊತ್ತಲ್ವಾ? ಅದರ ಪಶ್ಚಿಮಕ್ಕೆ ಸುಮಾರು 7 ಡಿಗ್ರಿ ದೂರದಲ್ಲಿ ಟೌ ಬೂಟಿಸ್ ಅನ್ನೋ ಮಂಕು ನಕ್ಷತ್ರವಿದೆ. ಒಳ್ಳೆ ಕತ್ತಲಿರುವ ಊರಲ್ಲಿ ಬರಿಗಣ್ಣಿಗೇ ಕಾಣುತ್ತದೆ. 3.3 ದಿನಕ್ಕೊಮ್ಮೆ ಅದನ್ನು ಸುತ್ತುವ ಗ್ರಹವೊಂದು 1996ರಲ್ಲೇ ಪತ್ತೆಯಾಗಿತ್ತು. ಆಗ ಕಂಡದ್ದು ಗ್ರಹದ ಬೆಳಕಲ್ಲ. ನಕ್ಷತ್ರ ತೂಗಾಡುವುದನ್ನು ನೋಡಿ ಲೆಕ್ಕ ಹಾಕಿದ್ದರು ಅಷ್ಟೇ.

ಬೆಳಕನ್ನೇ ಹಿಡಿಯೋಣ ಅಂದರೆ ಗ್ರಹ ನಕ್ಷತ್ರಕ್ಕೆ ಅಂಟಿಕೊಂಡಂತಿದೆ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿಟ್ಟರೆ ಸಿಗುವುದು ರೋಹಿತ. ಗ್ರಹದ ಗಾಳಿಯಲ್ಲಿರುವ ಅನಿಲಗಳು ಅದರಲ್ಲಿ ಮೂಡಿಸುವ ಗೆರೆಗಳು ನಕ್ಷತ್ರದ ಬೆಳಕಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ತೆಳು. ಸಾಲದ್ದಕ್ಕೆ ನಮ್ಮ ತಲೆ ಮೇಲಿನ ಗಾಳಿ ಬೇರೆ. ಅದರಲ್ಲಿರುವ ನೀರಾವಿ, ಮೀಥೇನ್ ಅವಕೆಂಪು ಬೆಳಕನ್ನು ಹೀರಿ ರೋಹಿತದ ತುಂಬ ತಮ್ಮದೇ ಕಪ್ಪು ಗೆರೆ ಎಳೆಯುತ್ತವೆ.

ಇದನ್ನೆಲ್ಲ ಬೇರ್ಪಡಿಸಿದ್ದು ಗ್ರಹದ ಓಟ. ಬೆಳಕು ಕೊಡುವ ವಸ್ತು ನಮ್ಮತ್ತ ಬಂದರೆ ಅದರ ಗೆರೆಗಳು ರೋಹಿತದಲ್ಲಿ ಒಂದು ಕಡೆಗೆ, ದೂರ ಹೋದರೆ ಇನ್ನೊಂದು ಕಡೆಗೆ ಸರಿಯುತ್ತವೆ. 2011ರ ಏಪ್ರಿಲ್‌ನಲ್ಲಿ ಚಿಲಿಯ ಪರನಾಲ್ ಬೆಟ್ಟದ 8.2 ಮೀಟರ್ ದೂರದರ್ಶಕಕ್ಕೆ ಕ್ರೈರಿಸ್ ಎಂಬ ರೋಹಿತದರ್ಶಕ ಜೋಡಿಸಿ, ಖಗೋಳಜ್ಞ ಮ್ಯಾಟಿಯೊ ಬ್ರೋಗಿ ತಂಡದವರು ಮೂರು ರಾತ್ರಿ, ಒಟ್ಟು 18 ಗಂಟೆ ನೋಡಿದರು. ಆ ರೋಹಿತಗಳನ್ನು ಹೊತ್ತಿನ ಕ್ರಮದಲ್ಲಿ ಒಂದರ ಕೆಳಗೊಂದು ಇಟ್ಟುಕೊಳ್ಳಿ. ಗ್ರಾಫ್ ಹಾಳೆಯಲ್ಲಿ ಸುಮ್ನೆ ಒಮ್ಮೆ ಬರೆದು ನೋಡಿ, ತಟ್ಟನೆ ಅರ್ಥವಾಗುತ್ತದೆ. ಭೂಮಿಯ ಗಾಳಿಯ ಗೆರೆಗಳು ಎಲ್ಲ ಸಾಲಿನಲ್ಲೂ ಅದೇ ಜಾಗದಲ್ಲಿ, ಕಂಬದ ಹಾಗೆ ನೇರ. ನಕ್ಷತ್ರದ್ದೂ ಹೆಚ್ಚುಕಮ್ಮಿ ಹಾಗೇ. ಅದರ ತೂಗಾಟ ಸೆಕೆಂಡಿಗೆ ಅರ್ಧ ಕಿ.ಮೀ.ಗಿಂತ ಕಡಿಮೆ. ಗ್ರಹದ ಗೆರೆ ಮಾತ್ರ ಸಾಲಿನಿಂದ ಸಾಲಿಗೆ ಪಕ್ಕಕ್ಕೆ ಸರಿಯುತ್ತದೆ. ನಕ್ಷತ್ರದ ಆಚೆ ಬದಿಯಲ್ಲಿ ಸುತ್ತುವಾಗ, ನಮ್ಮತ್ತ ಅದರ ವೇಗ ಒಂದೇ ಗಂಟೆಯಲ್ಲಿ ಸೆಕೆಂಡಿಗೆ ಸುಮಾರು 8 ಕಿ.ಮೀ. ಬದಲಾಗುತ್ತದೆ. ಕ್ರೈರಿಸ್ ಸೆಕೆಂಡಿಗೆ 3 ಕಿ.ಮೀ. ವ್ಯತ್ಯಾಸವನ್ನೇ ಗುರುತಿಸಬಲ್ಲದು. ನೇರ ಕಂಬಗಳನ್ನು ಅಳಿಸಿದರೆ ಓರೆ ಗೆರೆ ಉಳಿಯುತ್ತದೆ.

ಉಳಿದರೂ ಕಣ್ಣಿಗೆ ಕಾಣುವುದಿಲ್ಲ, ಇದನ್ನು ಮರೆಯಬೇಡಿ. ಒಂದೊಂದೇ ಗೆರೆ ಅಳತೆಯ ಗದ್ದಲದಲ್ಲಿ ಮುಳುಗಿರುತ್ತದೆ. ಆದರೆ 2.3 ಮೈಕ್ರಾನ್ ತರಂಗಾಂತರದ ಆಸುಪಾಸಿನಲ್ಲಿ, ಗ್ರಹದ ಗಾಳಿಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಹತ್ತಾರು ಗೆರೆಗಳಿವೆ. ಯಾವುದು ಎಲ್ಲಿ ಬೀಳುತ್ತದೆ ಅಂತ ಮೊದಲೇ ಗೊತ್ತು. ಆ ಮಾದರಿಯನ್ನು ಬೇರೆ ಬೇರೆ ವೇಗಕ್ಕೆ ಸರಿಸುತ್ತ ಹೊಂದಿಸಿದರೆ, ಸರಿಯಾದ ವೇಗದಲ್ಲಿ ಎಲ್ಲ ಗೆರೆಗಳ ಬಲ ಒಟ್ಟುಗೂಡಿ ಮೇಲೇಳುತ್ತದೆ. ಹಾಗೆ ಸಿಕ್ಕಿದ್ದು ಸೆಕೆಂಡಿಗೆ 110 ಕಿ.ಮೀ. ಬ್ರೋಗಿ ತಂಡ ಇದನ್ನು 2012ರ ಜೂನ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು.

ನನಗೆ ಜಾಸ್ತಿ ಇಷ್ಟವಾದದ್ದು ಇದರ ಮುಂದಿನ ಲೆಕ್ಕ. ಕಕ್ಷೆಯಲ್ಲಿ ಗ್ರಹದ ಪೂರ್ತಿ ವೇಗ ಸುಮಾರು 157 ಕಿ.ಮೀ. ನಮ್ಮ ದಿಕ್ಕಿಗೆ ಕಂಡದ್ದು 110. ಭಾಗಿಸಿದರೆ 0.70. ಇದು ಸುಮಾರು 44.5 ಡಿಗ್ರಿಯ ಸೈನ್, ಅಂದರೆ ಕಕ್ಷೆಯ ಓರೆ ಸಿಕ್ಕಿತು. ಓರೆ ಗೊತ್ತಿಲ್ಲದಿದ್ದರೆ ನಕ್ಷತ್ರದ ತೂಗಾಟದಿಂದ ಸಿಗುವುದು ಗ್ರಹದ ಕನಿಷ್ಠ ತೂಕವಷ್ಟೇ. ಅಲ್ಲಿವರೆಗೆ 'ಗುರುವಿನ ಕನಿಷ್ಠ 4 ಪಟ್ಟು' ಅಂತಷ್ಟೇ ಹೇಳಬಹುದಾಗಿದ್ದ ಗ್ರಹದ ತೂಕ, ಸುಮಾರು 6 ಪಟ್ಟು ಅಂತ ಗೊತ್ತಾಯಿತು.